ಭುಜದ ಮೇಲಿನ ಕೈ

ಗುಬ್ಬಿ, ೧೨-೮-೨೦೦೭

ಪ್ರೀತಿಯ ಸಂಧ್ಯಾ,

ಕುಣಿಗಲ್‌ನಲ್ಲಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನೀಗ ಸೈಬರ್ ಸೆಂಟರಿನಲ್ಲಿ ಕೂತು ಹೊರದೇಶದವರ ಟೈಪಿಂಗ್ ಕೆಲಸಕ್ಕೆ ಬಿಡ್ ಹಾಕುತ್ತೇನೆ, ಕಡಿಮೆ ರೇಟು ಹೇಳಿದವರಿಗೆ ಕೆಲಸ. ನಾನು ರೇಟು ಎಷ್ಟು ಇಳಿಸಿದರೂ ಯಾರೋ ಒಬ್ಬಳು ಇನ್ನೂ ಕಡಿಮೆಗೆ ಒಪ್ಪಿ ಕೆಲಸ ಹೊಡೆದುಕೊಳ್ಳುತ್ತಿದ್ದಳು.

“ಇನ್ನೂ ಇಳಿಸಿದ್ರೆ ನನ್ ಸೆಂಟರ್ ಚಾರ್ಜೂ ಹುಟ್ಟಲ್ಲ, ಬುಡಕ್ಕಾ” ಅಂದ ಸೆಂಟರಿನ ಗಂಗರಾಜು.

ಸಾಕಾಗಿ, ನಿನ್ನೆ ಆ ಸೈಟಿನಲ್ಲಿ ಅವಳು ಇಟ್ಟುಕೊಂಡಿದ್ದ ಅಡ್ಡಹೆಸರು ಒತ್ತಿ ಅವಳ ಚಿತ್ರ ನೋಡಿದೆ. ದೇವರಾಯನದುರ್ಗದಲ್ಲಿ ನಾವಿಬ್ಬರೂ ತೆಗೆಸಿಕೊಂಡ ಫೋಟೋ ಕಣೇ! ನನ್ನನ್ನು ಕತ್ತರಿಸಿದ್ದೀಯ, ನಿನ್ನ ಭುಜದ ಮೇಲೆ ನನ್ನ ಕೈ ಮಾತ್ರ ಉಳಿದಿದೆ.

ಬೇಸರವಿಲ್ಲ. ನಾನು ಹಾಕಿರುವುದು ಬರೀ ದಾಸವಾಳದ ಚಿತ್ರ, ಎದುರಿಗಿರುವುದು ನಾನೆಂದು ನಿನಗೆ ಹೇಗೆ ಗೊತ್ತಾಗಬೇಕು? ಇನ್ನು ಇಬ್ಬರೂ ಒಂದೇ ಖಾತೆಯಲ್ಲಿ, ದುಡಿಮೆಗೆ ತಕ್ಕ ರೇಟು ಕೇಳೋಣ. ಬರುವ ಭಾನುವಾರ ತುಮಕೂರಿಗೆ ಬಾ. ಕತ್ತರಿಸದ ಫೋಟೋ ಮರೆಯದೆ ತಾ, ಅದನ್ನೇ ಹಾಕೋಣ.

ನಿನ್ನ
ನಾಗರತ್ನ