ಗೆದ್ದ ಅಂಗಿಯನ್ನು ಒಗೆಯುವ ಹಾಗಿಲ್ಲ

ಬಫಲೊ
ನವೆಂಬರ್ ೧೮, ಮಂಗಳವಾರ

ಪ್ರೀತಿಯ ಲೊರೆಟ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಅಡುಗೆಮನೆಯ ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಕಾಫಿ ಕುಡಿಯುವಾಗ ಅದು ನನ್ನನ್ನೇ ನೋಡುತ್ತಿರುತ್ತದೆ. ಉತ್ತರ ತಡವಾಯಿತೆಂದು ಕೋಪ ಮಾಡಿಕೊಳ್ಳಬೇಡ. ಬರೆಯಲು ಕೂತರೆ ಪೆನ್ನು ಹಿಡಿದ ಕೈ ಸುಮ್ಮನಾಗಿಬಿಡುತ್ತದೆ. ನಿನ್ನ ಮೊಣಕಾಲು ಹೇಗಿದೆ? ಅರಿಜೋನದ ಬಿಸಿಲಿಗೆ ನೋವು ಕಡಿಮೆಯಾಗಿದ್ದರೆ ಸಾಕು. ಇಲ್ಲಿ ಸರೋವರದ ಕಡೆಯಿಂದ ಮೊದಲ ಹಿಮ ಬಂದು ಹೋಯಿತು. ನೀನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಬರೆಯುತ್ತಿದ್ದೇನೆ.

ಹೋದ ವರ್ಷ ಈಸ್ಟರ್ ಹಬ್ಬಕ್ಕೆ ನಿಮ್ಮಲ್ಲಿಗೆ ಬಂದಾಗ ಕ್ಯಾಜ್ ಮರೆತುಬಂದ ಉಣ್ಣೆಯ ಟೊಪ್ಪಿಗೆ ಬೀರುವಿನ ಮೂಲೆಯಲ್ಲಿ ಸಿಕ್ಕಿತು, ಒಗೆದು ಕಳಿಸಲೇ ಎಂದು ಕೇಳಿದ್ದೀಯ. ಅಷ್ಟು ಸೆಕೆಯ ಊರಿಗೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಬಂದ ಭಾವನನ್ನು ನೋಡಿ ನೀನು ಎಷ್ಟು ನಕ್ಕಿದ್ದೆ! ಟೊಪ್ಪಿಗೆಯ ವಿಷಯ ಕೊನೆಗೆ ಬರೆಯುತ್ತೇನೆ.

ನಾನು ಊಟ ಮಾಡುತ್ತಿದ್ದೇನೆ. ಭಾನುವಾರ ಚರ್ಚಿನ ಪೂಜೆಗೂ ಹೋಗುತ್ತಿದ್ದೇನೆ. ಪೂಜೆ ಮುಗಿಸಿ, ಫುಟ್‌ಬಾಲ್ ಆಟವಿದ್ದ ದಿನ ಕ್ರೀಡಾಂಗಣದ ಎದುರಿನ ಟೈರ್ ಅಂಗಡಿಯ ಅಂಗಳಕ್ಕೂ ಹೋಗತೊಡಗಿದ್ದೇನೆ. ಕ್ಯಾಜ್ ಹೋದ ಮೇಲೆ ಆ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆ. ಅವನ ತಂಗಿ ಬರ್ನಡೆಟ್ ಬಿಡಲಿಲ್ಲ. ಕಾರು ತಂದು ಬಾಗಿಲಿಗೇ ನಿಲ್ಲಿಸಿ ಹಾರನ್ ಬಾರಿಸುತ್ತಾಳೆ, ನೆರೆಯವರಿಗೆ ನಾಚಿ ನಾನು ಹೊರಡುತ್ತೇನೆ.

ಅಲ್ಲಿ ಎಲ್ಲ ಮೊದಲಿನ ಹಾಗೆಯೇ ಇದೆ. ಕ್ಯಾಜ್‌ನ ಹಳೆಯ ಗೆಳೆಯ ಸ್ಟ್ಯಾಶ್ ಕೆಂಡದ ಮೇಲೆ ಸಾಸೇಜು ಸುಡುತ್ತಾನೆ, ಅರ್ಧ ಕಪ್ಪು ಮಾಡುತ್ತಾನೆ. ನಮ್ಮ ಬೀದಿಗೆ ಅಂಚೆ ಹಂಚುತ್ತಿದ್ದ ಮಾರ್ವಿನ್ ತನ್ನ ಟ್ರಕ್ಕಿನ ಹಿಂದೆ ಟೀವಿ ಕಟ್ಟುತ್ತಾನೆ. ಮೆಟ್ಟಿಲು ಹತ್ತಿ ಒಳಗೆ ಹೋಗಿ ಕೂರುವ ಕಾಲ ನಮ್ಮ ಮಂಡಿಗಳಿಗೆ ಮುಗಿದಿದೆ. ಗೋಡೆಯಾಚೆ ಆಟ ನಡೆಯುತ್ತದೆ, ಈಚೆ ನಾವು ಕಂಬಳಿ ಹೊದ್ದು ಅದನ್ನೇ ಟೀವಿಯಲ್ಲಿ ನೋಡುತ್ತೇವೆ. ಟೀವಿಯ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ. ಒಳಗೆ ಜನ ಕೂಗಿದ್ದು ಮೊದಲು ಕೇಳುತ್ತದೆ, ಏಕೆ ಕೂಗಿದರು ಎನ್ನುವುದು ಆಮೇಲೆ ಕಾಣುತ್ತದೆ. ಒಳ್ಳೆಯದೋ ಕೆಟ್ಟದ್ದೋ, ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗಿಬಿಟ್ಟಿರುತ್ತದೆ. ಕ್ಯಾಜ್‌ಗೆ ಇದು ತುಂಬಾ ಇಷ್ಟವಾಗಿತ್ತು. ಕಣ್ಣು ಮುಚ್ಚಿಕೊಂಡು, "ನಾನು ಭವಿಷ್ಯ ಹೇಳ್ತೀನಿ, ಕೇಳಿ" ಎನ್ನುತ್ತಿದ್ದ.

ಅವನ ಮಡಿಸುವ ಕುರ್ಚಿಯನ್ನು ಈಗಲೂ ಹಾಕುತ್ತಾರೆ. ಯಾರೂ ಅದರಲ್ಲಿ ಕೂರುವುದಿಲ್ಲ.

ಈ ವರ್ಷ ಅಲ್ಲಿ ಮಾತೆಲ್ಲ ರೆನ್‌ಶಾನದೇ. ನೀನು ಆಟ ನೋಡುವವಳಲ್ಲ, ಆದರೂ ಕೇಳು. ಅವನು ನಮ್ಮ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆಯುವವನು. ಇಡೀ ತಂಡ ಅವನ ಬಲದೋಳಿನ ಮೇಲೆ ನಿಂತಿದೆ. ಕಳೆದ ಜನವರಿಯಲ್ಲಿ ಗೆಲ್ಲುತ್ತಿದ್ದ ಆಟದ ಕೊನೆಯಲ್ಲಿ ಇಬ್ಬರು ದಡಿಯರು ಅವನ ಮೇಲೆ ಬಿದ್ದರು, ಆ ತೋಳಿನ ಭುಜ ಹೋಯಿತು. ಕ್ಯಾಜ್ ನೋಡಿದ ಕೊನೆಯ ಆಟ ಅದೇ. ಆ ವಾರವೇ ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಮುಂದಿನ ಭಾನುವಾರ ರೆನ್‌ಶಾ ಇಲ್ಲದೆ ತಂಡ ಸೋತಿತು.

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ರೆನ್‌ಶಾ ಸೆಪ್ಟೆಂಬರಿನಲ್ಲಿ ಮರಳಿ ಬಂದ. ಆದರೆ ಎಸೆದ ಚೆಂಡು ಮೊದಲಿನಷ್ಟು ದೂರ ಹೋಗುವುದಿಲ್ಲ. ಅವನು ತಲೆಯ ಹೆಲ್ಮೆಟ್ಟನ್ನು ಎಡಗೈಯಲ್ಲಿ ತೆಗೆಯುತ್ತಾನೆ, ಯಾರೂ ಗಮನಿಸಬಾರದೆಂದು ಬಲಗೈಯಲ್ಲಿ ನೀರಿನ ಬಾಟಲಿ ಹಿಡಿದಿರುತ್ತಾನೆ. ನಾನು ಗಮನಿಸುತ್ತೇನೆ. ಕಳೆದ ಚಳಿಗಾಲ ಕ್ಯಾಜ್ ಕೂಡ ಮೆಟ್ಟಿಲ ನಡುವೆ ನಿಂತು, ದಮ್ಮು ತೆಗೆದುಕೊಳ್ಳುವುದು ಕಾಣದಿರಲೆಂದು ಗೋಡೆಯ ಮೇಲಿನ ಚಿತ್ರ ಸರಿಮಾಡುತ್ತಿದ್ದ. ಆ ಚಿತ್ರ ಎಂದೂ ವಾರೆಯಾಗಿರಲಿಲ್ಲ.

"ಮುಗೀತು ಕಣ್ರಯ್ಯ" ಎಂದು ಸ್ಟ್ಯಾಶ್ ಶುರುಮಾಡುತ್ತಾನೆ. "ಆ ತೋಳು ಸತ್ತುಹೋಯ್ತು. ಚೆಂಡು ಎಸೀತಾನೋ, ಬೆಕ್ಕನ್ನ ಎತ್ತಿ ಬಾಗಿಲಾಚೆ ಬಿಡ್ತಾನೋ ಗೊತ್ತೇ ಆಗಲ್ಲ. ಕಳಿಸಿಬಿಡ್ಬೇಕು."

"ನಿನ್ನ ಸೊಂಟದ ಕೀಲು ಬದಲಾಯಿಸಿದಾಗ ನಿನ್ನನ್ನ ಯಾರಾದ್ರೂ ಗುಜರಿಗೆ ಹಾಕಿದ್ರಾ?" ಎನ್ನುತ್ತಾನೆ ಮಾರ್ವಿನ್.

"ನನ್ನ ಸೊಂಟ ನೋಡೋಕೆ ಊರಿಗೂರೇ ಬರಲ್ಲವಲ್ಲ, ಮಾರಾಯ."

"ಯಾರೂ ಬರಲ್ಲ" ಎಂದು ಬರ್ನಡೆಟ್ ಸೇರಿಸುತ್ತಾಳೆ. "ಹೆಂಡ್ತಿನೂ ನೋಡಲ್ಲ."

"ಹುಡುಗನಿಗೆ ಒಂದು ವರ್ಷ ಕೊಡು" ಎನ್ನುತ್ತಾನೆ ಮಾರ್ವಿನ್. "ಭುಜ ಅಂದ್ರೆ ಬಾಗಿಲ ತಿರುಗಣೆನಾ, ಎಣ್ಣೆ ಬಿಟ್ಟ ತಕ್ಷಣ ಸರಿಹೋಗೋಕೆ?"

ಹೀಗೆ ಸಾಸೇಜು ಕರಿಯಾಗುವವರೆಗೂ ನಡೆಯುತ್ತದೆ. ಮುಗೀತು ಎಂದು ಸ್ಟ್ಯಾಶ್ ಹೇಳಿದಾಗಲೆಲ್ಲ ನನಗೆ ಎದ್ದುಹೋಗಬೇಕು ಅನ್ನಿಸುತ್ತದೆ. ಆಸ್ಪತ್ರೆಯ ಆ ಕಾರಿಡಾರಿನಲ್ಲಿ ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ಅದೇ ಮಾತು, ಬೇರೆ ಪದಗಳಲ್ಲಿ.

ಅಕ್ಟೋಬರಿನಲ್ಲಿ ಸಾಲಾಗಿ ಸೋತ ಮೇಲೆ ಜಗಳ ಕ್ಯಾಜ್‌ನ ಅಂಗಿಯ ಕಡೆ ತಿರುಗಿತು. ರೆನ್‌ಶಾನ ನಂಬರು ಇರುವ ಆ ನೀಲಿ ಜೆರ್ಸಿ ನಿನಗೆ ನೆನಪಿರಬೇಕು, ನಿಮ್ಮ ಮನೆಯ ಮದುವೆಗೂ ಕೋಟಿನ ಒಳಗೆ ಅದನ್ನೇ ತೊಟ್ಟಿದ್ದ. ಅದಕ್ಕೊಂದು ನಿಯಮವಿತ್ತು. ತಂಡ ಗೆಲ್ಲುತ್ತಿರುವವರೆಗೆ ಅಂಗಿಗೆ ನೀರು ಸೋಕಿಸುವಂತಿಲ್ಲ. ಸೋತರೆ ಆ ಸಂಜೆಯೇ ನೆಲಮಾಳಿಗೆಯ ತೊಟ್ಟಿಯಲ್ಲಿ, ವಿನೆಗರ್ ಹಾಕಿದ ನೀರಿನಲ್ಲಿ ಅವನೇ ಕೈಯಾರೆ ಒಗೆಯಬೇಕು, ಸೋಲು ಬಿಟ್ಟುಹೋಗಲಿ ಎಂದು. ನಾನು ಮುಟ್ಟುವಂತಿರಲಿಲ್ಲ. ಹೋದ ವರ್ಷ ಬಿಡದೆ ಗೆದ್ದರು, ಆದ್ದರಿಂದ ಚಳಿಗಾಲವಿಡೀ ಅದು ನೀರು ಕಾಣಲಿಲ್ಲ. ಅವನು ಕಳಚಿ ಹಾಕಿದ ಮೊಳೆಯಲ್ಲೇ, ನೆಲಮಾಳಿಗೆಯ ಬಾಗಿಲ ಹಿಂದೆ ಹಾಗೆಯೇ ತೂಗುತ್ತಿತ್ತು. ನಾನು ಅದನ್ನು ಅಲ್ಲಿಂದ ಕದಲಿಸಿರಲಿಲ್ಲ. ಕದಲಿಸುವ ಮನಸ್ಸೂ ಇರಲಿಲ್ಲ.

"ಇದೇ ನೋಡಿ ಎಡವಟ್ಟು" ಎಂದ ಸ್ಟ್ಯಾಶ್. "ಜನವರೀಲಿ ಸೋತ್ವಿ. ಅಂಗಿ ಒಗೀಲಿಲ್ಲ. ಆ ಸೋಲು ಇನ್ನೂ ಅದರೊಳಗೇ ಕೂತಿದೆ. ಹುಡುಗನ ಭುಜ ಎಲ್ಲಿಂದ ವಾಸಿಯಾಗ್ಬೇಕು?"

"ಸೋತ ದಿನ ಅಂಗಿ ಎಲ್ಲಿತ್ತು? ಮನೇಲಿತ್ತು" ಎಂದ ಮಾರ್ವಿನ್. "ಕ್ಯಾಜ್ ಮೈಮೇಲಿರಲಿಲ್ಲ. ಅದು ಆಡಿದ ಕೊನೇ ಆಟ ಗೆದ್ದದ್ದೇ. ಅದು ಗೆದ್ದ ಅಂಗಿ. ಮುಟ್ಟಿದ್ರೆ ಎಲ್ಲಾ ಹಾಳು."

"ಅಂಗಿ ಮೈಮೇಲಿಲ್ದಿದ್ರೆ ಆ ಸೋಲು ಲೆಕ್ಕಕ್ಕಿಲ್ವಾ? ಯಾವ ಕಾನೂನಯ್ಯ ಇದು?"

"ಕ್ಯಾಜ್ ಕಾನೂನು. ಜೆನ್‌ನ ಕೇಳು."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಾಫಿ ಸುರಿಯುತ್ತ, "ಇರಲಿ ಬಿಡ್ರಪ್ಪ, ಅದರ ಪಾಡಿಗೆ ಅದು ಇರಲಿ" ಎಂದೆ. ಮಾರ್ವಿನ್ ಗೆದ್ದವನ ಹಾಗೆ ಚಪ್ಪಾಳೆ ತಟ್ಟಿದ. ಬರ್ನಡೆಟ್ ಮಾತ್ರ ನನ್ನನ್ನೇ ಬಹಳ ಹೊತ್ತು ನೋಡುತ್ತಿದ್ದಳು. ಪಾಪ ಇವಳಿಗೆ ಅದನ್ನು ಒಗೆಯಲು ಕೈ ಬರುತ್ತಿಲ್ಲ ಎಂದುಕೊಂಡಳೆಂದು ಕಾಣುತ್ತದೆ.

ಸತ್ತವರ ಹಬ್ಬದ ದಿನ ನಾವಿಬ್ಬರೂ ಕ್ಯಾಜ್‌ನ ಸಮಾಧಿಗೆ ಹೋಗಿದ್ದೆವು. ಗಾಳಿಗೆ ಮೇಣದಬತ್ತಿ ನಿಲ್ಲಲಿಲ್ಲ. ಬರ್ನಡೆಟ್ ತನ್ನ ಕೋಟು ಬಿಚ್ಚಿ ಅಡ್ಡ ಹಿಡಿದಳು, ನಡುಗುತ್ತ, ಹಚ್ಚಿ ಮುಗಿಯುವವರೆಗೆ. ಮನೆಗೆ ಬಂದು ಸಾರು ಕುಡಿದಳು. ಗಾಜಿನ ದೀಪ ಇಟ್ಟುಬರುತ್ತೇನೆಂದು ನೆಲಮಾಳಿಗೆಗೆ ಇಳಿದು, ಹಿಂದಿನ ಬಾಗಿಲಿನಿಂದಲೇ ಹೊರಟುಹೋದಳು. ನನಗೆ ವಿಶೇಷವೇನೂ ಅನ್ನಿಸಲಿಲ್ಲ. ಮರುದಿನ ಮೊಳೆ ಖಾಲಿ ಇತ್ತು. ಫೋನು ಮಾಡಿದರೆ, "ಗಾಬರಿ ಬೇಡ, ನನ್ನ ಹತ್ರ ಇದೆ. ಭಾನುವಾರದವರೆಗೆ ಏನೂ ಕೇಳ್ಬೇಡ" ಎಂದು ನಕ್ಕಳು.

ಆದರೆ ಆ ಭಾನುವಾರ ತಂಡ ಬೇರೆ ಊರಿಗೆ ಆಡಲು ಹೋಗಿತ್ತು. ನಮ್ಮ ಅಂಗಳದ ಆಟ ಮೊನ್ನೆ ನಡೆಯಿತು. ನನ್ನನ್ನು ಕರೆತರುವ ಮೊದಲೇ ಬರ್ನಡೆಟ್ ಕ್ಯಾಜ್‌ನ ಕುರ್ಚಿಯ ಬೆನ್ನಿಗೆ ಅಂಗಿ ತೊಡಿಸಿದ್ದಳು. ಒಗೆದು, ಇಸ್ತ್ರಿ ಮಾಡಿ, ತೋಳುಗಳನ್ನು ಕುರ್ಚಿಯ ಕೈಗಳ ಮೇಲೆ ಇಳಿಬಿಟ್ಟಿದ್ದಳು.

"ಅಣ್ಣ ಇದ್ದಿದ್ರೆ ಅವನೇ ಒಗೀತಿದ್ದ" ಎಂದಳು. "ಅವನ ಕೆಲಸ ನಾನು ಮುಗಿಸಿದೆ. ವಿನೆಗರ್ ಹಾಕೇ ಒಗೆದೆ, ಜೆನ್. ಕಾಲರಿನ ಕಲೆ ಹೋಗೋಕೆ ಎಷ್ಟು ಉಜ್ಜಿದೆ ಗೊತ್ತಾ! ಹೇಗಿದೆ?"

ಅವಳ ಬೆರಳ ಗೆಣ್ಣುಗಳು ಕೆಂಪಾಗಿದ್ದವು. ಕಣ್ಣೂ ಕೆಂಪಾಗಿತ್ತು.

"ಚೆನ್ನಾಗಿ ಬಂದಿದೆ" ಎಂದೆ.

ಸ್ಟ್ಯಾಶ್ ಕುರ್ಚಿಗೆ ಸಲಾಮು ಹೊಡೆದ. ಮಾರ್ವಿನ್ ಮುಖ ಊದಿಸಿಕೊಂಡು, "ಇವತ್ತು ಸೋತರೆ ನಿನ್ನನ್ನೇ ವಿನೆಗರಿನಲ್ಲಿ ನೆನೆಹಾಕ್ತೀನಿ" ಎಂದು ಬರ್ನಡೆಟ್‌ಳನ್ನು ಹೆದರಿಸಿದ.

ಆಟ ಕೊನೆಯವರೆಗೂ ಸೋಲಿನ ಕಡೆಗೇ ವಾಲಿತ್ತು. ಟೀವಿಯಲ್ಲಿ ರೆನ್‌ಶಾ ಚೆಂಡು ಹಿಡಿದು ಹಿಂದೆ ಹಿಂದೆ ಸರಿಯುತ್ತಿದ್ದ, ಇನ್ನೂ ತೋಳು ಎತ್ತಿರಲಿಲ್ಲ. ಅಷ್ಟರಲ್ಲಿ ಗೋಡೆಯಾಚೆಯಿಂದ ಕೂಗು ಎದ್ದಿತು. ಲೊರೆಟ, ಅಂಥ ಕೂಗು ನಾನು ಕೇಳಿಲ್ಲ, ಟ್ರಕ್ಕಿನ ತಗಡು ನಡುಗಿತು. ಅವನು ಎಸೆಯುತ್ತಾನೆ ಎಂದೂ ಅದು ತಲುಪುತ್ತದೆ ಎಂದೂ ನಮಗೆ ಗೊತ್ತಾಗಿತ್ತು. ಪರದೆಯ ಮೇಲಿದ್ದ ಆ ಹುಡುಗನಿಗೆ ಮಾತ್ರ ಇನ್ನೂ ಗೊತ್ತಿರಲಿಲ್ಲ, ಹೆದರಿದ ಮುಖದಲ್ಲಿ ಜಾಗ ಹುಡುಕುತ್ತಿದ್ದ. ಆಮೇಲೆ ಎಸೆದ. ಚೆಂಡು ದೀಪಗಳಷ್ಟು ಎತ್ತರ ಹೋಗಿ, ಮೈದಾನದ ತುದಿಯಲ್ಲಿ ಓಡುತ್ತಿದ್ದವನ ಕೈಗೆ ಇಳಿಯಿತು.

"ನಾನು ಮೊದಲಿಂದ್ಲೂ ಹೇಳ್ತಿದ್ದೆ!" ಎಂದು ಸ್ಟ್ಯಾಶ್ ಕಿರುಚಿದ. ಮಾರ್ವಿನ್ ಅವನ ಮೇಲೆ ಬನ್ನು ಎಸೆದ. ಬರ್ನಡೆಟ್ ಕುರ್ಚಿಯನ್ನು ತಬ್ಬಿಕೊಂಡು, "ಅಣ್ಣಾ, ನೋಡಿದ್ಯಾ" ಎಂದು ಅತ್ತಳು. ಚಳಿ ಏರಿತ್ತು. ಮಾರ್ವಿನ್ ಅಂಗಿಯನ್ನು ಕುರ್ಚಿಯಿಂದ ತೆಗೆದು ನನ್ನ ಕೋಟಿನ ಮೇಲೆಯೇ ತೊಡಿಸಿದ. ಎಲ್ಲರೂ ನನ್ನನ್ನು ಹಿಡಿದುಕೊಂಡು ಕುಣಿದರು. ನಾನೂ ಕುಣಿದೆ.

ರೆನ್‌ಶಾನ ತೋಳು ನಿಲ್ಲುತ್ತದೋ ಇಲ್ಲವೋ ಯಾರಿಗೆ ಗೊತ್ತು. ಆಟ ಮುಗಿದ ಮೇಲೂ ಅವನು ಹೆಲ್ಮೆಟ್ಟನ್ನು ಎಡಗೈಯಲ್ಲೇ ತೆಗೆದ. ಅವನಿಗಾಗಿ ದಿನಾ ಒಂದು ಪ್ರಾರ್ಥನೆ ಹೇಳುತ್ತೇನೆ. ನೀನೂ ಹೇಳು, ಆಟ ಇಷ್ಟವಿಲ್ಲದಿದ್ದರೂ ಸರಿ. ಅವನಿಗೂ ತಾಯಿ ಇದ್ದಾಳೆ.

ಹಿಮ ಹೆಚ್ಚಾಗುವ ಮೊದಲು ಇದನ್ನು ಅಂಚೆಗೆ ಹಾಕಬೇಕು. ನಿನ್ನ ಮೊಣಕಾಲನ್ನು ದೇವಮಾತೆ ಕಾಯಲಿ, ನಿನ್ನ ಅಡುಗೆಮನೆ ಬೆಚ್ಚಗಿರಲಿ, ಮಕ್ಕಳು ಮೊಮ್ಮಕ್ಕಳು ನಿನ್ನ ಮೇಜಿನ ಸುತ್ತ ತುಂಬಿರಲಿ. ಮನೆಯವರಿಗೆಲ್ಲ ನನ್ನ ಮುತ್ತು.

ನಿನ್ನ ಅಕ್ಕ,
ಜೆನ್

ಮರೆತ ಮಾತು: ಬರ್ನಡೆಟ್ ಜೊತೆ ಫೋನಿನಲ್ಲಿ ಮಾತಾಡಿದರೆ ಇದನ್ನು ಹೇಳಬೇಡ. ನಾನು ಆ ಅಂಗಿ ಇಟ್ಟುಕೊಂಡಿದ್ದು ತಂಡಕ್ಕಾಗಿ ಅಲ್ಲ. ಅದರ ಕಾಲರಿನಲ್ಲಿ ಅವನಿದ್ದ. ಅವನ ಕೆಮ್ಮಿನ ಗುಳಿಗೆಯ ವಾಸನೆ, ಕುತ್ತಿಗೆಯ ಬೆವರು, ಕೆಂಡದ ಹೊಗೆ. ದಿನಾ ಬೆಳಿಗ್ಗೆ ಕಾಫಿ ಒಲೆಯ ಮೇಲಿಟ್ಟು ಕೆಳಗೆ ಇಳಿಯುತ್ತಿದ್ದೆ, ಅದರಲ್ಲಿ ಮುಖ ಇಡುತ್ತಿದ್ದೆ, ಕಾಫಿ ಕುದಿಯುವ ಸದ್ದಿಗೆ ಮೇಲೆ ಬರುತ್ತಿದ್ದೆ. ನಾನು ಊಟ ಮಾಡುತ್ತಿದ್ದೇನೆ, ನಿದ್ದೆ ಮಾಡುತ್ತಿದ್ದೇನೆ ಎಂದು ಬರೆಯುತ್ತಿದ್ದೆನಲ್ಲ, ಅದೆಲ್ಲ ಆಗುತ್ತಿದ್ದದ್ದು ಅದರಿಂದ. ಮೊನ್ನೆ ಕಾರಿನಿಂದ ಇಳಿದಾಗ ಅಂಗಿ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಗಾಳಿಯಲ್ಲಿ ಹೂವಿನ ಸೋಪಿನ ವಾಸನೆ ಬಂತು. ನೋಡುವ ಮೊದಲೇ ಗೊತ್ತಾಯಿತು.

ಈಗ ಅದು ಗೆದ್ದ ಅಂಗಿ. ಯಾರೂ ಒಗೆಯುವ ಹಾಗಿಲ್ಲ ಎಂದು ಮಾರ್ವಿನ್ ಆಣೆ ಹಾಕಿಸಿದ್ದಾನೆ. ಇವತ್ತು ಬೆಳಿಗ್ಗೆಯೂ ಕೆಳಗೆ ಹೋಗಿದ್ದೆ. ಸಾಸೇಜಿನ ಹೊಗೆ ಇದೆ, ಸೋಪು ಇದೆ, ನನ್ನ ಕೋಟಿನ ವಾಸನೆ ಇದೆ.

ಟೊಪ್ಪಿಗೆಯನ್ನು ಒಗೆಯಬೇಡ, ಲೊರೆಟ. ಕೊಡವಲೂಬೇಡ. ಹೇಗಿದೆಯೋ ಹಾಗೆಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ ಕಳಿಸು. ನನ್ನ ಉತ್ತರ ತಡವಾಗಿ ನೀನು ಈಗಾಗಲೇ ಒಗೆದಿದ್ದರೆ, ಅದನ್ನು ನನಗೆ ಬರೆಯಬೇಡ. ಸುಮ್ಮನೆ ಕಳಿಸು.