ಹೆಸರಿಲ್ಲದ ಗುಂಡಿಗಳು

ಆಸ್ಪತ್ರೆಯ ಆಡಳಿತಾಧಿಕಾರಿಗಳೇ,

ಹತ್ತೊಂಬತ್ತು ವರ್ಷ ನಿಮ್ಮ ವಿಚಾರಣಾ ಕಿಟಕಿಯಲ್ಲಿ ಕೂತ ನನ್ನ ಅಕ್ಕನನ್ನು ‘ಕಂಪ್ಯೂಟರಿನ ಹೊಸ ಆಪರೇಟಿಂಗ್ ಸಿಸ್ಟಮ್ಮಿಗೆ ಹೊಂದಿಕೊಳ್ಳಲು ಅಸಮರ್ಥರು’ ಎಂದು ಬರೆದು, ಸೋಮವಾರದಿಂದ ಕಡ್ಡಾಯ ನಿವೃತ್ತಿಗೆ ಕಳಿಸುತ್ತಿದ್ದೀರಿ. ಅವಳಿಗೆ ಕಣ್ಣು ಕಾಣದು. ಪರದೆಯ ಮೇಲಿನದನ್ನು ಓದಿ ಹೇಳುವ ದನಿಯನ್ನು ಕಿವಿಯಲ್ಲಿಟ್ಟುಕೊಂಡು, ಯಾವ ರೋಗಿ ಯಾವ ವಾರ್ಡಿನಲ್ಲಿದ್ದಾರೆಂದು ಕಣ್ಣಿದ್ದವರಿಗಿಂತ ಬೇಗ ಹೇಳುತ್ತಿದ್ದವಳು ರಾತ್ರೋರಾತ್ರಿ ಅಸಮರ್ಥಳಾದದ್ದು ಹೇಗೆ ಸ್ವಾಮಿ?

ಎರಡು ಸಿಸ್ಟಮ್ಮುಗಳ ಗುಣಾವಗುಣ ನನಗೂ ಗೊತ್ತು. ಹಳೆಯದು ಕಣ್ಣುಬಿಡಲು ಮೂರು ನಿಮಿಷ ಬೇಕು, ಹೊಸದಕ್ಕೆ ಇಪ್ಪತ್ತು ಸೆಕೆಂಡು ಸಾಕು. ಹಳೆಯದರೊಳಗೆ ವೈರಸ್ಸುಗಳು ನೆಂಟರಂತೆ ಹೇಳದೆ ಕೇಳದೆ ಬಂದು ಕೂರುತ್ತಿದ್ದವು. ಹೊಸದು ಬಾಗಿಲಲ್ಲೇ ತಡೆಯುತ್ತದೆ. ಕೆಲಸದ ನಡುವೆ ‘ಅಪ್‌ಡೇಟ್’ ಎಂದು ಮಲಗುವ ಚಾಳಿಯೂ ಇದಕ್ಕಿಲ್ಲ. ಓದಿ ಹೇಳುವ ದನಿ ಇದರಲ್ಲೂ ಇದೆ, ಒಳ್ಳೆಯದೇ ಇದೆ. ಆದರೆ ಇದಕ್ಕಾಗಿ ನೀವು ಹೊಸದಾಗಿ ಬರೆಸಿದ ರೋಗಿಗಳ ನೋಂದಣಿ ತಂತ್ರಾಂಶದಲ್ಲಿ ಪರದೆಯ ಗುಂಡಿಗಳೆಲ್ಲ ಬರೀ ಚಿತ್ರ. ಹಳೆಯದರಲ್ಲಿ ಪ್ರತಿ ಗುಂಡಿಗೂ ಒಳಗೊಂದು ಹೆಸರಿತ್ತು, ದನಿ ಅದನ್ನು ಓದುತ್ತಿತ್ತು. ಇಲ್ಲಿ ಹೆಸರೇ ಇಲ್ಲ. ಅಕ್ಕ ಕೀಲಿ ಒತ್ತಿದಂತೆಲ್ಲ ಅದು ‘ಗುಂಡಿ, ಗುಂಡಿ, ಗುಂಡಿ’ ಎಂದಿತು.

“ಏನೋ ಇದು, ರಸ್ತೆ ಗುಂಡಿ ಎಣಿಸ್ತಿದೆಯಾ?” ಎಂದು ಅವಳು ನಕ್ಕಳು. ನಾನು ಪಕ್ಕದಲ್ಲೇ ನಿಂತಿದ್ದೆ. ಕಿಟಕಿಯಾಚೆ ವಯಸ್ಸಾದವರೊಬ್ಬರು ತಮ್ಮ ಹೆಂಡತಿಯನ್ನು ಎಲ್ಲಿ ಮಲಗಿಸಿದ್ದಾರೆಂದು ಮೂರನೆಯ ಸಲ ಕೇಳಿದರು. “ಗೊತ್ತಾಗ್ತಿಲ್ಲ ಯಜಮಾನ್ರೇ, ಬೇರೆಯವರನ್ನ ಕೇಳಿ” ಎಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ತಪ್ಪೆಲ್ಲ ನಿಮ್ಮದೇ ಎಂದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಎರಡನ್ನೂ ಹೋಲಿಸಿ, ಹೊಸದೇ ಮೇಲೆಂದು ವರದಿ ಕೊಟ್ಟ ನಿಮ್ಮ ತಂತ್ರಜ್ಞ ನಾನೇ. ಕಣ್ಣಿಂದ ನೋಡಿದೆ, ಮೌಸಿನಿಂದ ಒತ್ತಿದೆ, ಸಹಿ ಹಾಕಿದೆ. ಒಂದೇ ಮನೆಯಲ್ಲಿರುವ ಅಕ್ಕನನ್ನು ಒಂದು ಗಂಟೆ ಕೂರಿಸಿ ನೋಡೋಣ ಎಂದು ಹೊಳೆಯಲಿಲ್ಲವಲ್ಲ! ನಿಮ್ಮಲ್ಲಿ ಬಂದು ಹೇಳಿಕೊಂಡರೆ, “ವರದಿ ನಿಮ್ದೇ ಅಲ್ವೇನ್ರೀ, ಈಗೇನು ರಾಗ ಎಳೀತೀರ?” ಎಂದಿರಿ. ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ವರದಿ ನನ್ನದೇ. ತಪ್ಪು ನನ್ನದು, ಕೆಲಸ ಮಾತ್ರ ಅವಳದು ಹೋಗಬೇಕೇ?

ಆದೇಶವನ್ನು ಹಿಂತೆಗೆಯಿರಿ. ಗುಂಡಿಗಳಿಗೆ ಹೆಸರು ಬರೆಸುವುದು ನಾಲ್ಕು ದಿನದ ಕೆಲಸ. ಬರೆಸಿ, ಅವಳ ಮುಂದಿಡಿ. ಯಾರು ಸಮರ್ಥರೆಂದು ಆಮೇಲೆ ತೀರ್ಮಾನಿಸಿ. ಯಾರನ್ನಾದರೂ ಮನೆಗೆ ಕಳಿಸಲೇಬೇಕೆಂದಿದ್ದರೆ ನನ್ನನ್ನು ಕಳಿಸಿ.

ತನಗೇ ವಯಸ್ಸಾಯಿತು, ತಲೆ ಓಡುತ್ತಿಲ್ಲ ಎಂದು ಅಕ್ಕ ನಂಬಿದ್ದಾಳೆ. ಆ ವರದಿ ಬರೆದವನು ನಾನೆಂದು ಅವಳಿಗಿನ್ನೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಅವಳಿಗೆ ಪತ್ರಿಕೆ ಓದಿ ಹೇಳುವವನು ನಾನು. ನಾಳೆ ಇದನ್ನೂ ನಾನೇ ಓದಬೇಕು.

ಇಂತಿ,
ಅವಳ ತಮ್ಮನೆನಿಸಿಕೊಂಡವನು