ಹಳೇ ಕಾರಿನ ಕಾಲೊರಸು

ಮನೆ, ಹೊಲಿಗೆ ಕೋಣೆ
ಹನ್ನೊಂದನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯೇ? ಸೊಂಟನೋವು ಕಡಿಮೆಯಾಯಿತಾ? ಹಡಗಿನ ಅಡುಗೆಮನೆಯಲ್ಲಿ ಅಷ್ಟು ಹೊತ್ತು ನಿಂತೇ ಇರಬೇಡ, ಒಂದು ಸ್ಟೂಲಾದರೂ ಕೇಳಿ ತಗೋ. ಕೈ ಮೇಲೆ ಎಣ್ಣೆ ಸಿಡಿದದ್ದು ಪೂರ್ತಿ ವಾಸಿಯಾಯಿತು ಎಂದು ನೀನು ಹೋದ ಪತ್ರದಲ್ಲಿ ಬರೆದಿದ್ದೆ, ಓದಿ ಜೀವ ಬಂದ ಹಾಗಾಯಿತು. ಆದರೆ ಈ ಸಲ ನಿನ್ನ ಅಕ್ಷರ ಯಾಕೋ ಕೋಳಿ ಕೆದರಿದ ಹಾಗಿತ್ತಪ್ಪ. ನಾನು ಹಾಗಂದದ್ದಕ್ಕೆ ಅಮ್ಮ, "ಹಡಗು ಓಲಾಡ್ತಿರತ್ತೆ, ಅದರಲ್ಲಿ ಕೂತು ಮುತ್ತು ಪೋಣಿಸಿದ ಹಾಗೆ ಬರೆಯೋಕಾಗತ್ತಾ" ಎಂದು ನನ್ನನ್ನೇ ಗದರಿದಳು. ಅಮ್ಮ ಚೆನ್ನಾಗಿದ್ದಾಳೆ. ಕಿವಿಯ ಮೆಷಿನ್ ಹಾಕಿಕೊಳ್ಳುವುದಿಲ್ಲ, ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟಿದ್ದಾಳೆ, ಸವೆದುಹೋಗುತ್ತದಂತೆ. ಮಂಡಿ ಪರವಾಗಿಲ್ಲ, ಬಾಯಿ ಎಂದಿನ ಹಾಗೇ ಚುರುಕಾಗಿದೆ.

ಇನ್ನು ನನ್ನ ಸಮಾಚಾರ. ಹೆದರಿಕೆಯಾಗಿದೆ ಅಕ್ಕಾ. ಪುಕ್ಕಲಿ ಅಂತ ನೀನು ಇಟ್ಟ ಹೆಸರು ಸುಮ್ಮನೆ ಬಂದದ್ದಲ್ಲ, ಒಪ್ಪಿದೆ. ಜಿರಲೆ ಕಂಡರೆ ಬಟ್ಟೆ ಕತ್ತರಿಸುವ ಮೇಜು ಹತ್ತಿ ನಿಲ್ಲುವವಳು ನಾನು. ಆದರೆ ಇದು ಜಿರಲೆಯ ಹೆದರಿಕೆಯಲ್ಲ. ಇದನ್ನು ಬರೆಯುವಾಗಲೂ ಒಂದು ಕಿವಿ ಬೀದಿಯ ಕಡೆಗೇ ಇದೆ. ಯಾವುದಾದರೂ ಕಾರು ನಮ್ಮ ಗೇಟಿನ ಹತ್ತಿರ ನಿಧಾನ ಮಾಡಿತೆಂದರೆ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ಒಂದು ಸೋಫಾ ಕವರನ್ನು ಒಳಮೈ ಹೊರಗೆ ಮಾಡಿ ಹೊಲಿದು, ಗಿರಾಕಿ ಬಂದು ತೋರಿಸುವವರೆಗೆ ನನಗೆ ಗೊತ್ತೇ ಆಗಲಿಲ್ಲ. ವಿಷಯ ಏನೆಂದರೆ, ನಿನ್ನ ಕಾರನ್ನು ಕೊಂಡವರು ಅದನ್ನು ವಾಪಸ್ ತಗೊಂಡು ದುಡ್ಡು ಕೊಡಿ ಎಂದು ಕೂತಿದ್ದಾರೆ. ಕೊಡದಿದ್ದರೆ ಕೋರ್ಟು. ಫೋನಿನಲ್ಲಿ ಹೇಳೋಣವೆಂದರೆ ನಡುಸಮುದ್ರದಲ್ಲಿ ನೀನು ಸಿಗುವುದಿಲ್ಲ. ನಿಮ್ಮ ಕಂಪನಿಯ ಆಫೀಸಿನವರು ಇವತ್ತು ಸಂಜೆ ಟಪಾಲು ಚೀಲ ಕಟ್ಟುತ್ತಾರಂತೆ, ಅಷ್ಟರೊಳಗೆ ಎಲ್ಲ ಬರೆದು ಮುಗಿಸಬೇಕು.

ಮೊದಲಿಂದ ಹೇಳುತ್ತೇನೆ. ಹೊರಡುವಾಗ ನೀನು ಕಾಗದಗಳಿಗೆಲ್ಲ ಸಹಿ ಹಾಕಿ ಕೊಟ್ಟು, "ಕಾರು ಮಾರಿ ಆ ದೊಡ್ಡ ಹೊಲಿಗೆ ಮೆಷಿನ್ ತಗೋ, ದಪ್ಪ ಚರ್ಮಾನ ಕೈಯಲ್ಲಿ ಹೊಲಿದು ಬೆರಳು ಚುಚ್ಚಿಕೊಂಡಿದ್ದು ಸಾಕು" ಅಂದೆಯಲ್ಲ, ಅವತ್ತು ನಾನು ಬಚ್ಚಲುಮನೆಗೆ ಹೋಗಿ ಅತ್ತಿದ್ದೆ, ಈಗ ಹೇಳುತ್ತಿದ್ದೇನೆ. ಕಾರ್ಪೆಟ್ ಹಳೇದಾಗಿದೆ, ಹೊಸದು ಹಾಕಿಬಿಡು ಎಂದೂ ನೀನೇ ಹೇಳಿದ್ದೆ. ನಾನು ಬಿಡುತ್ತೇನಾ? ಸೀಟಿನ, ನೆಲದ ಕೆಲಸ ಕೊಟ್ಟರೆ ನನಗೆ ಊಟ ಬೇಡ. ಹಳೆಯ ಕಾರ್ಪೆಟ್ ಕಿತ್ತೆ. ಅಡಿಯಲ್ಲಿ ಪುಡಿಪುಡಿ ಮಣ್ಣು, ಒಂಥರಾ ಮುಗ್ಗಲು ವಾಸನೆ. ನೀನಿನ್ನೂ ಹಡಗು ಹತ್ತಿರಲಿಲ್ಲ, ಫೋನು ಮಾಡಿ ಕೇಳಿದರೆ ನೀನು, "ಒಂದ್ಸಲ ನೀರಿನ ಕ್ಯಾನ್ ಉರುಳಿತ್ತು ಕಣೇ" ಅಂದೆ. ಉರುಳಿರಬಹುದು ಅಂದುಕೊಂಡೆ. ಒರೆಸಿ, ಒಣಗಿಸಿ, ಬೂದುಬಣ್ಣದ ಹೊಸ ಕಾರ್ಪೆಟ್ಟನ್ನು ಅಂಚು ಮಡಚಿ ಹೊಲಿದು, ಒಂದು ಸುಕ್ಕೂ ಇಲ್ಲದ ಹಾಗೆ ಕೂರಿಸಿದೆ. ಸೀಟಿಗೆ ಜೋಡಿಹೊಲಿಗೆ. ಅಷ್ಟು ಅಂದವಾಗಿ ಬಂದಿತ್ತೆಂದರೆ ಮಾರಲೇ ಮನಸ್ಸಿರಲಿಲ್ಲ.

ಕೊಂಡವರು ಒಬ್ಬ ಬೇಕರಿಯವರು. ಕಿರಿಚಾಡುವ ಜನವಾಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ, ನಾನೂ ಎರಡು ಮಾತು ಕಿರಿಚಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಇವರು ಬಹಳ ಮೆತ್ತಗೆ ಮಾತಾಡುತ್ತಾರೆ. ತೋಳಿನ ಮೇಲೆ ಯಾವಾಗಲೂ ಹಿಟ್ಟಿನ ಪುಡಿ. ಕೊಳ್ಳುವ ದಿನ ಓಡಿಸಿ ನೋಡಿದರು, ಸುತ್ತ ನೋಡಿದರು, ಸೀಟು ಸವರಿ ಯಾರು ಹೊಲಿದದ್ದು ಅಂತ ಕೇಳಿದರು. ನಾನೇ ಎಂದು ಹಲ್ಲು ಕಿರಿದೆ. ಆಮೇಲೆ, "ಒಳಗೆ ನೀರು ಗೀರು ಹೋಗಿತ್ತಾ ಮೇಡಂ?" ಎಂದರು. "ಒಂದು ಕ್ಯಾನ್ ಉರುಳಿತ್ತಂತೆ, ಅಷ್ಟೇ" ಎಂದೆ. ಅಷ್ಟೇ. ಆ ಒಂದು 'ಅಷ್ಟೇ' ಈಗ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಆ ದುಡ್ಡಿನಲ್ಲಿ ಮೆಷಿನ್ ಮನೆಗೆ ಬಂತು. ಕೆಲವು ವಾರ ಅವರ ಸುದ್ದಿಯಿರಲಿಲ್ಲ. ಆಮೇಲೆ ಒಂದು ಸಂಜೆ ಕಾರು ತಂದು ನಮ್ಮ ಗೇಟಿನೆದುರು ನಿಲ್ಲಿಸಿ ಒಳಗೆ ಬಂದರು. ಹೆಂಡತಿ, ಕೂಸು ಇಬ್ಬರನ್ನೂ ಕೂರಿಸಿಕೊಂಡು ದೊಡ್ಡ ಸೇತುವೆಯ ಮೇಲೆ ಹೋಗುವಾಗ ಕಾರಿನ ಕರೆಂಟೆಲ್ಲ ಒಮ್ಮೆಲೇ ಸತ್ತು, ದೀಪವಿಲ್ಲ, ಹಾರ್ನಿಲ್ಲ, ಗಾಡಿ ನಡುರಸ್ತೆಯಲ್ಲಿ ನಿಂತುಬಿಟ್ಟಿತಂತೆ. ಹಿಂದೆ ಬಂದ ಲಾರಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋಯಿತಂತೆ. ಮೆಕ್ಯಾನಿಕ್ ಬಿಚ್ಚಿ ನೋಡಿದರೆ ವೈರುಗಳೆಲ್ಲ ಹಸಿರುಗಟ್ಟಿವೆ, ಸಂದುಗೊಂದಿಯಲ್ಲಿ ಕೆಸರು. "ಈ ಗಾಡಿ ನೀರಲ್ಲಿ ನಿಂತಿದೆ ಮೇಡಂ. ಕೆಳಗೆ ಕೆಸರು, ಮೇಲೆ ಹೊಸ ಕಾರ್ಪೆಟ್. ನೀವೇ ಹಾಕಿದ್ದು ಅಂದ್ರಲ್ಲ" ಎಂದರು, ಅದೇ ಮೆತ್ತಗಿನ ದನಿಯಲ್ಲಿ. ಆವತ್ತಿನಿಂದ ಬೇಕರಿ ಮುಚ್ಚಿ ಸಂಜೆ ಹೊತ್ತಿಗೆ ಬರುತ್ತಾರೆ. ಗೇಟಿನೆದುರು ಕಾರಿನಲ್ಲಿ ಸುಮ್ಮನೆ ಕೂರುತ್ತಾರೆ. ಕೆಲವು ದಿನ ಅದು ಮತ್ತೆ ಸ್ಟಾರ್ಟೇ ಆಗುವುದಿಲ್ಲ, ತಳ್ಳಿಕೊಂಡು ಹೋಗುತ್ತಾರೆ. ಇತ್ತ ನಮ್ಮ ಅಮ್ಮನಿಗೆ ಏನೂ ಕೇಳಿಸದೆ, ಅವರು ಕುರ್ಚಿ ರಿಪೇರಿಗೆ ಬಂದ ಗಿರಾಕಿ ಎಂದುಕೊಂಡು, ಕರೆದು ಕೂರಿಸಿ ಚಹಾ ಕೊಡುತ್ತಾಳೆ! "ಪಾಪ, ದಿನಾ ಬರ್ತಾನೆ, ಅವನ ಕೆಲಸ ಮುಗಿಸಿಕೊಡಬಾರದೇನೇ" ಅಂತ ನನಗೇ ಬುದ್ಧಿ ಹೇಳುತ್ತಾಳೆ. ನಗಬೇಕೋ ಅಳಬೇಕೋ.

ವಕೀಲರ ಹತ್ತಿರ ಹೋದೆ, ಅವರ ತಿರುಗುವ ಕುರ್ಚಿಗೆ ಚರ್ಮ ಹೊದಿಸಿದ್ದೆನಲ್ಲ, ಅವರೇ. ಅದೇ ಕುರ್ಚಿಯಲ್ಲಿ ಆ ಕಡೆ ಈ ಕಡೆ ತಿರುಗುತ್ತ ಕೇಳಿಸಿಕೊಂಡರು. ಮೊದಲು ಧೈರ್ಯ ಬಂತು. ನೀವು ಅಂಗಡಿಯವರಲ್ಲ, ಮನೆ ಗಾಡಿ ಮಾರಿದವರು. ಅಂಗಡಿಯವರಿಗಿರುವ ಗ್ಯಾರಂಟಿಯ ಹೊಣೆ ನಿಮಗಿಲ್ಲ, ಓಡಿಸಿ ನೋಡಿ ತಗೊಂಡ ಮೇಲೆ ಮನಸ್ಸು ಬದಲಾಯಿತು ಅಂತ ದುಡ್ಡು ಕೇಳುವ ಹಕ್ಕು ಅವರಿಗೂ ಇಲ್ಲ, 'ಇದ್ದ ಸ್ಥಿತಿಯಲ್ಲಿ ಮಾರಿದೆ' ಎಂದು ಮಾರಾಟದ ಕಾಗದದಲ್ಲೂ ಬರೆದಿದೆ ಎಂದರು. ನಾನು ಏಳಲು ಹೊರಟೆ. ಅವರು ಕುರ್ಚಿ ನಿಲ್ಲಿಸಿ, "ಕೂತ್ಕೊಳ್ಳಿ, ಮುಗೀಲಿಲ್ಲ" ಎಂದರು. ಕೊಳ್ಳುವವರು ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟಿದ್ದರೆ, ಇಲ್ಲವೇ ದೋಷ ಗೊತ್ತಿದ್ದೂ ಬೇಕೆಂದೇ ಮುಚ್ಚಿದ್ದರೆ, ಆ ಕಾಗದ ಯಾವ ರಕ್ಷಣೆಗೂ ಬರುವುದಿಲ್ಲವಂತೆ. ಗಾಡಿ ನಿನ್ನ ಹೆಸರಿನಲ್ಲಿದ್ದುದರಿಂದ ನೋಟಿಸು ನಿನಗೂ ಬರಬಹುದಂತೆ. ಅದು ಹಡಗು ಕಂಪನಿಗೆ ಹೋದರೆ ಮುಂದಿನ ಕರಾರು ನಿನಗೆ ಸಿಗುತ್ತದಾ? "ನಿಮಗೆ ಗೊತ್ತಿತ್ತಾ?" ಎಂದರು. ಇಲ್ಲ ಎಂದೆ, ಅದು ಸತ್ಯ. "ಕಾರ್ಪೆಟ್ ಹಾಕೋ ಯೋಚನೆ ಯಾರದು?" ಎಂದರು. "ನಂದೇ" ಎಂದುಬಿಟ್ಟೆ. ಬಾಯಿಂದ ತಾನಾಗಿ ಬಂತು. ಯಾಕೆ ಬಂತು ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ನಿನ್ನ ಮೇಲೆ ಅನುಮಾನವಿಲ್ಲದಿದ್ದರೆ ಆ ಮಾತು ಯಾಕೆ ಬರಬೇಕಿತ್ತು?

ವಕೀಲರು ಇನ್ನೊಂದು ಕೇಳಿದ್ದರು, ಹಳೆಯ ಕಾರ್ಪೆಟ್ ಎಲ್ಲಿ ಎಂದು. ಎಲ್ಲಿರುತ್ತದೆ? ನಮ್ಮ ಮನೆಯಲ್ಲಿ ತುಂಡು ಬಟ್ಟೆಯನ್ನಾದರೂ ಎಸೆದದ್ದುಂಟಾ? ಗಟ್ಟಿಯಿದ್ದ ಭಾಗ ಕತ್ತರಿಸಿ, ಸುತ್ತ ಪಟ್ಟಿ ಹೊಲಿದು, ಬಾಗಿಲಿಗೆ ಕಾಲೊರಸು ಮಾಡಿದ್ದೆ. ಬೇಕರಿಯವರು ದಿನಾ ಅದರ ಮೇಲೇ ಕಾಲೊರೆಸಿ ಒಳಗೆ ಬಂದು ನನ್ನನ್ನು ದುಡ್ಡು ಕೇಳುತ್ತಿದ್ದರು ಅಕ್ಕಾ! ವಕೀಲರಿಗೆ ಹೇಳಿದರೆ ಹಣೆ ಚಚ್ಚಿಕೊಂಡರು. "ಸುಡಬೇಡಿ, ಬಿಸಾಡಬೇಡಿ. ನಾಶ ಮಾಡಿದ್ರೆ ಗೊತ್ತಿದ್ದೇ ಮುಚ್ಚಿದವರು ಅಂತಾಗತ್ತೆ" ಎಂದರು. ಮನೆಗೆ ಓಡಿ ಬಂದು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಕೆಸರಿನ ಗೆರೆ, ಒಂದೇ ಸಮ, ಈ ತುದಿಯಿಂದ ಆ ತುದಿಗೆ. ಕ್ಯಾನ್ ಉರುಳಿದರೆ ಕಲೆಯಾಗುತ್ತದೆ, ಗೆರೆಯಾಗುವುದಿಲ್ಲ. ಮೊದಲೇ ಯಾಕೆ ಕಾಣಲಿಲ್ಲವೋ. ಮೆಷಿನಿನ ಕೆಳಗೆ ತಳ್ಳಿ ಅದರ ಮೇಲೇ ಕಾಲಿಟ್ಟುಕೊಂಡು ಕೂತೆ.

ನಿನ್ನೆ ಗಿರಾಕಿಯ ಮನೆಗೆ ಅಳತೆಗೆ ಹೋಗಿದ್ದೆ. ಬರುವಷ್ಟರಲ್ಲಿ ಅಮ್ಮ ಮನೆಯೆಲ್ಲ ಗುಡಿಸಿ, ಆ ಕಾಲೊರಸನ್ನೂ ಎಳೆದು, ಕೊಡವಿ, ಗೇಟಿನ ಮೇಲೆ ಬಿಸಿಲಿಗೆ ಹರಡಿದ್ದಾಳೆ, ಗೆರೆ ಬೀದಿಗೆ ಕಾಣುವ ಹಾಗೆ! ಬೇಕರಿಯವರು ಅದರೆದುರು ನಿಂತಿದ್ದರು. ಬೆರಳಲ್ಲಿ ಗೆರೆ ಸವರುತ್ತ, "ಇದು ಎಲ್ಲೀದಮ್ಮಾ?" ಎಂದು ಕೂಗಿ ಕೇಳಿದರು. ಬೇರೆ ಯಾವ ಮಾತೂ ಕೇಳಿಸದ ನಮ್ಮಮ್ಮನಿಗೆ ಅದು ಸರಿಯಾಗಿ ಕೇಳಿಸಿತು. "ನಮ್ಮ ದೊಡ್ಡೋಳ ಕಾರಿಂದಪ್ಪ. ಮಳೇಲಿ ರೈಲು ಸೇತುವೆ ಕೆಳಗೆ ಸೀಟಿನ ಮಟ್ಟ ನೀರಲ್ಲಿ ಸಿಕ್ಕಿಹಾಕಿಕೊಂಡು, ಕಿಟಕಿಯಿಂದ ಈಚೆ ಬಂದ್ಲು. ತೊಯ್ದು ತೊಪ್ಪೆಯಾಗಿ ಮನೆಗೆ ಬಂದು, ಚಿಕ್ಕೋಳಿಗೆ ಹೇಳಬೇಡಮ್ಮಾ, ಹೆದರ್ತಾಳೆ ಅಂದ್ಲು" ಎಂದು, ನಿನ್ನ ಗುಣವನ್ನು ಹೊಗಳುತ್ತ, ಎಲ್ಲ ಹೇಳಿದಳು. ಅದು ನಡೆದಾಗ ನಾನು ನಾಟಕಶಾಲೆಯ ಕುರ್ಚಿಗಳ ಕೆಲಸಕ್ಕೆಂದು ಬೇರೆ ಊರಲ್ಲಿದ್ದೆ.

ನಾನು ಗೇಟು ಹಿಡಿದು ನಿಂತೆ. ಅವರು ನನ್ನ ಮುಖ ನೋಡಿದರು. ನನಗೆ ಗೊತ್ತಿರಲಿಲ್ಲ ಎಂಬುದು ಮುಖದಲ್ಲೇ ಕಂಡಿರಬೇಕು, ಗೆರೆಯಿಂದ ಬೆರಳು ತೆಗೆದರು. ನಿನ್ನ ಮೇಲೆ ಸಿಟ್ಟು ಬಂತು ಅಕ್ಕಾ, ಕೆಟ್ಟ ಸಿಟ್ಟು. ಗ್ಯಾರೇಜಿನವನು ಒಣಗಿಸಿ ಕೊಟ್ಟ, ಚೆನ್ನಾಗಿ ಓಡುತ್ತಿದೆ, ಇನ್ನೇನಾಗುತ್ತದೆ ಎಂದು ನೀನು ನಂಬಿದ್ದಿರಬಹುದು. ನನ್ನ ಮೆಷಿನಿಗಾಗಿ ಮಾಡಿದೆ, ಅದೂ ಗೊತ್ತು. ಆದರೆ ಆ ಸೇತುವೆಯ ಮೇಲೆ ಕೂಸಿತ್ತು. ಆ ಕೆಸರನ್ನು ಮುಚ್ಚಿದ ಹೊಲಿಗೆ ನನ್ನದು. ನಿನ್ನೆಯವರೆಗೆ ಗೊತ್ತಿಲ್ಲದವಳಾಗಿದ್ದೆ, ಇವತ್ತು ಗೊತ್ತಿದ್ದವಳಾದೆ. ಇನ್ನು ಸುಮ್ಮನಿದ್ದರೆ ಕಾನೂನು ಏನನ್ನುತ್ತದೋ, ನನಗೆ ಮಾತ್ರ ಸೂಜಿ ಹಿಡಿಯಲಾಗುವುದಿಲ್ಲ. "ಗಾಡಿ ಬಿಟ್ಟು ಹೋಗಿ. ದುಡ್ಡು ಪೂರ್ತಿ ಕೊಡ್ತೀನಿ" ಎಂದೆ.

ಇವತ್ತು ಬೆಳಿಗ್ಗೆ ಮೆಷಿನ್ ಅಂಗಡಿಯವರು ಬಂದು ಮೆಷಿನ್ ಹೊತ್ತುಕೊಂಡು ಹೋದರು. ಅದರ ಬೆಲೆಯಲ್ಲಿ ಸ್ವಲ್ಪ ಹಿಡಿದುಕೊಂಡು ಉಳಿದದ್ದು ವಾಪಸ್ ಕೊಟ್ಟರು, ಕಡಿಮೆ ಬಿದ್ದದ್ದನ್ನು ನಾನು ಹೇಗೋ ತುಂಬಿಸುತ್ತೇನೆ. ದುಡ್ಡು ವಾಪಸ್, ಗಾಡಿ ವಾಪಸ್, ಇನ್ನು ಯಾರ ಮೇಲೂ ಯಾರದೂ ತಕರಾರಿಲ್ಲ, ನಿನ್ನ ಮೇಲೂ ಇಲ್ಲ ಎಂದು ವಕೀಲರು ಕಾಗದ ಮಾಡುತ್ತಿದ್ದಾರೆ. ನಾಳೆ ಸಹಿ. ಬೇಕರಿಯವರು ಒಪ್ಪಿದ್ದಾರೆ, ಆದರೆ ಸಹಿ ಬೀಳುವವರೆಗೆ ನನಗೆ ಅನ್ನ ಇಳಿಯುವುದಿಲ್ಲ. ನಿನ್ನ ಕಾರು ಗೇಟಿನೆದುರು ನಿಂತಿದೆ. ಅದನ್ನು ಮತ್ತೆ ಯಾರಿಗೂ ಮಾರುವ ಮಾತು ಎತ್ತಬೇಡ.

ಅಮ್ಮ ಹೊತ್ತು ಹೊತ್ತಿಗೆ ಊಟ ಮಾಡು ಎಂದು ಆಶೀರ್ವಾದದ ಜೊತೆ ಹೇಳಿದ್ದಾಳೆ. ತಾನೇನು ಮಾಡಿದೆ ಎಂಬುದು ಅವಳಿಗೆ ಇನ್ನೂ ತಿಳಿದಿಲ್ಲ, ಗಿರಾಕಿಯ ಕೆಲಸ ಮುಗಿಯಿತು ಎಂದು ಖುಷಿಯಾಗಿದ್ದಾಳೆ. ಅಡುಗೆಮನೆಯ ನಿನ್ನ ಗೆಳತಿಯರಿಗೆಲ್ಲ ನನ್ನ ನೆನಪು ಹೇಳು.

ಸಿಟ್ಟಿನಲ್ಲೂ ಪ್ರೀತಿಯಲ್ಲೂ ನಿನ್ನ ತಂಗಿ,
ಪುಕ್ಕಲಿ

ಲಕೋಟೆ ಅಂಟಿಸುವ ಮೊದಲು: ಅಮ್ಮನ ಮಾತು ಕೇಳಿದ ಮೇಲೆ ನಿನ್ನ ಹೋದ ಪತ್ರವನ್ನು ಹಳೆಯ ಪತ್ರಗಳ ಪಕ್ಕ ಇಟ್ಟು ನೋಡಿದೆ. ಹಡಗು ಓಲಾಡಿದರೆ ಅಕ್ಷರ ಎಲ್ಲ ಕಡೆಗೂ ಓಡಬೇಕು, ಇವೆಲ್ಲ ಒಂದೇ ಕಡೆಗೆ ವಾಲಿವೆ. ಪ್ರತಿ ಸಾಲಿನಲ್ಲೂ ಶಾಯಿಯ ಮೇಲೆ ಕೈ ಒರೆಸಿಕೊಂಡು ಹೋಗಿದೆ. ಎಡಗೈಯಲ್ಲಿ ಬರೆದಿದ್ದೀಯ. ಬಲಗೈಗೆ ಏನಾಗಿದೆ ಅಕ್ಕಾ? ಹೆದರುತ್ತೇನೆ ಎಂದು ನನ್ನಿಂದ ಮುಚ್ಚಬೇಡ. ನಾನು ಹೆದರಿಕೊಂಡೇ ಎಲ್ಲವನ್ನೂ ಮಾಡುತ್ತೇನೆ, ಈಗ ನೋಡಿದೆಯಲ್ಲ. ಬೆರಳುಗಳೆಲ್ಲ ಇವೆಯಾ? ಎಡಗೈಯಲ್ಲಾದರೂ ಸರಿ, ನಿಜ ಬರೆ.